ನಗರಪಿತನ ಸ್ಮರಣೆ

ಗತಿಸಿದವರ ವಿಷಯದಲ್ಲಿ ಒಳ್ಳೆಯ ಮಾತನ್ನೇ ಆಡಬೇಕೆಂಬುದು ಎಲ್ಲ ದೇಶಗಳಲ್ಲಿಯೂ ಶಿಷ್ಟಾಚಾರವಾಗಿ ನಡೆದುಬಂದಿದೆ. ಉತ್ತರ ಕೊಡಲಾರದವನನ್ನು ದೂಷಿಸುವುದು ಪೌರುಷವಲ್ಲ. ರಾವಣನು ಬಿದ್ದ ಬಳಿಕ ಶ್ರೀರಾಮನು ವೈರವನ್ನು ಬಿಟ್ಟು, ವಿಭೀಷಣನಿಂದ ಅವನ ಉತ್ತರಕ್ರಿಯೆಯನ್ನು ಮಾಡಿಸಿದನು. ಮನೆಯ ಮಟ್ಟಿಗೂ ಸ್ಮಶಾನದ ಮಟ್ಟಿಗೂ ಈ ನಿಯಮವು ಯುಕ್ತವಾದುದೇ. ಆದರೆ ಬಹುಕಾಲ ಒಂದು ಮಹಾನಗರದ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದವನು ತೀರಿಕೊಂಡರೆ, ಅವನ ಸ್ಮರಣೆಯು ಅವನ ಮನೆಯವರಿಗಷ್ಟೇ ಸೇರಿದ್ದಲ್ಲ; ಅದು ಊರಿನ ಸೊತ್ತು. ಅಲ್ಲಿ ದಾಕ್ಷಿಣ್ಯಕ್ಕೆ ಎಷ್ಟು ಎಡೆ, ಸತ್ಯಕ್ಕೆ ಎಷ್ಟು ಎಡೆ? ಆಸ್ಟ್ರಿಯಾ ದೇಶದ ವಿಯೆನ್ನಾ ನಗರವು ಒಂದು ಶತಮಾನಕ್ಕೂ ಮಿಕ್ಕಿ ಈ ಪ್ರಶ್ನೆಯೊಡನೆ ಹೆಣಗುತ್ತಿದೆ.

ಕಾರ್ಲ್ ಲುಯೇಗರ್ ಎಂಬಾತನು 1844ರಲ್ಲಿ ಆ ನಗರದಲ್ಲಿ, ಒಂದು ವಿದ್ಯಾಶಾಲೆಯ ಜವಾನನ ಮಗನಾಗಿ ಹುಟ್ಟಿದನು. ಬಡತನದಲ್ಲಿ ಓದಿ, ನ್ಯಾಯಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದು ವಕೀಲನಾದನು. 1897ರಿಂದ 1910ರ ಮಾರ್ಚ್ 10ರಂದು ಮರಣಹೊಂದುವವರೆಗೆ ಹದಿಮೂರು ವರ್ಷ ಮೇಯರ್ ಪದವಿಯಲ್ಲಿದ್ದನು. ಅವನ ಕಾಲದಲ್ಲಿ ದೀಪದ ಅನಿಲ, ವಿದ್ಯುಚ್ಛಕ್ತಿ, ಟ್ರಾಮ್ ಇವೆಲ್ಲ ಖಾಸಗಿ ಕಂಪೆನಿಗಳ ಕೈಯಿಂದ ಊರಿನ ಕೈಗೆ ಬಂದವು. 1904ರಲ್ಲಿ ನಿರ್ಗತಿಕರಾದ ವೃದ್ಧರಿಗಾಗಿ ದೊಡ್ಡದೊಂದು ಆಶ್ರಯಸ್ಥಾನವು ತೆರೆಯಿತು. 1905ರಲ್ಲಿ ನಗರದ ಸುತ್ತಲಿನ ಕಾಡನ್ನೂ ಹುಲ್ಲುಗಾವಲನ್ನೂ ಮನೆಕಟ್ಟುವವರಿಂದ ಉಳಿಸಿ ಶಾಶ್ವತವಾಗಿ ಕಾಯುವ ನಿರ್ಣಯವಾಯಿತು. ಎಲ್ಲಕ್ಕೂ ಮಿಗಿಲಾಗಿ, ಸ್ಟೈರಿಯಾ ಪ್ರಾಂತದ ಬೆಟ್ಟಗಳ ಬುಗ್ಗೆಯ ನೀರನ್ನು, ನೂರು ಮೈಲಿಗೂ ಹೆಚ್ಚಿನ ದೂರದಿಂದ, ಯಂತ್ರದಿಂದೆತ್ತದೆ ಇಳಿಜಾರಿನ ಬಲದಿಂದಲೇ ಹರಿಸಿ ತರುವ ಕಾಲುವೆಯ ಕೆಲಸವು ನಡೆಯಿತು. ಆ ನೀರು ಊರನ್ನು ಮುಟ್ಟಲು ಸುಮಾರು ಒಂದೂವರೆ ದಿನ ಬೇಕು. ಕಾಲುವೆಯು ತೆರೆದುದು 1910ರ ಡಿಸೆಂಬರ್‌ನಲ್ಲಿ. ಅದನ್ನು ಕಾಣಲು ಮೇಯರನು ಉಳಿದಿರಲಿಲ್ಲ. ನೀರು ಇಂದಿಗೂ ಹರಿಯುತ್ತಿದೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚರಿತ್ರೆಯು ಅರ್ಧವಾಗುತ್ತದೆ. ಲುಯೇಗರನು ಅಧಿಕಾರಕ್ಕೇರಿದ ಮೆಟ್ಟಿಲು ಯೆಹೂದ್ಯರ ಮೇಲಿನ ದ್ವೇಷ. 1900ರ ಸುಮಾರಿಗೆ ವಿಯೆನ್ನಾದ ನೂರು ಜನರಲ್ಲಿ ಎಂಟೊಂಬತ್ತು ಮಂದಿ ಯೆಹೂದ್ಯರಿದ್ದರು. ಕಸುಬು ಕುಂದಿದ ಕುಶಲಕರ್ಮಿಗಳಿಗೂ ಸಣ್ಣ ಅಂಗಡಿಕಾರರಿಗೂ ಈತನು ಸಭೆಸಭೆಯಲ್ಲಿ, ನಿಮ್ಮ ಕಷ್ಟಕ್ಕೆಲ್ಲ ಇವರೇ ಕಾರಣರೆಂದು ಬೆರಳಿಟ್ಟು ತೋರಿಸಿದನು. 1895ರಿಂದ ಪುರಸಭೆಯು ಮತ್ತೆ ಮತ್ತೆ ಆರಿಸಿದರೂ ಚಕ್ರವರ್ತಿ ಫ್ರಾಂಝ್ ಜೋಸೆಫನು ಅನುಮೋದನೆಯನ್ನು ನಿರಾಕರಿಸುತ್ತ ಬಂದು, ಕೊನೆಗೆ 1897ರಲ್ಲಿ ಮಣಿದನು.

ಅವನ ಪಕ್ಷವನ್ನು ವಹಿಸುವವರು ಹೇಳುವ ಸಮಾಧಾನವೊಂದುಂಟು. ಈತನಿಗೆ ಯೆಹೂದ್ಯರಲ್ಲಿಯೂ ಪರಿಚಿತರಿದ್ದರು. ವೇದಿಕೆಯ ಮಾತು ವೋಟಿಗಾಗಿ ಆಡಿದ್ದೇ ಹೊರತು ಹೃದಯದ್ದಲ್ಲ ಎಂಬುದೇ ಅದು. ವಿಚಾರಿಸಿ ನೋಡಿದರೆ, ಈ ಸಮಾಧಾನವು ದೋಷವನ್ನು ಇಳಿಸದೆ ಏರಿಸುತ್ತದೆ. ಭ್ರಾಂತಿಯಿಂದ ವಿಷವನ್ನು ಔಷಧವೆಂದು ಹಂಚಿದವನಿಗಾದರೂ ಅಜ್ಞಾನದ ನೆವವುಂಟು. ವಿಷವೆಂದು ಬಲ್ಲವನು, ತಾನು ಕುಡಿಯದವನು, ಲಾಭಕ್ಕಾಗಿ ಹಂಚಿದರೆ ಅವನಿಗೆ ಯಾವ ನೆವ? ಆಡಿದವನು ನಂಬದಿದ್ದರೂ ಕೇಳಿದವರು ನಂಬುತ್ತಾರೆ. 1908ರಿಂದ ಆ ಊರಿನಲ್ಲಿ ವಾಸವಾಗಿದ್ದ ಅಡಾಲ್ಫ್ ಹಿಟ್ಲರನೆಂಬ ತರುಣನು ಮುಂದೆ ತನ್ನ ಗ್ರಂಥದಲ್ಲಿ ಈ ಮೇಯರನನ್ನು ಮುಕ್ತಕಂಠದಿಂದ ಹೊಗಳಿದನು. 1938ರಲ್ಲಿ ಆಸ್ಟ್ರಿಯಾವು ಅವನ ವಶವಾದ ಮೇಲೆ ಆ ದೇಶದ ಸುಮಾರು 65,000 ಯೆಹೂದ್ಯರು ಹತರಾದರು. ಆ ಕೊಲೆಗಳ ಪಾಪವನ್ನು, ಇಪ್ಪತ್ತೆಂಟು ವರ್ಷ ಮೊದಲೇ ಸತ್ತವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ದ್ವೇಷದ ಮಾತು ಸಭ್ಯರ ಬಾಯಲ್ಲಿಯೂ ಸಲ್ಲುವ ನಾಣ್ಯವಾದುದು ಯಾರ ಟಂಕಸಾಲೆಯಲ್ಲಿ ಎಂದು ಕೇಳಿದರೆ, ಅವನ ಹೆಸರನ್ನು ಬಿಡಲೂ ಬರುವುದಿಲ್ಲ.

ಹಾಗಾದರೆ ನೀರಿನ ಪುಣ್ಯದಲ್ಲಿ ಮಾತಿನ ಪಾಪವನ್ನು ಕಳೆದು, ಶೇಷವೇನೆಂದು ಲೆಕ್ಕಹಾಕಬೇಕೆ? ಮಹಾಭಾರತದ ಸ್ವರ್ಗಾರೋಹಣ ಪರ್ವವು ಈ ವಿಷಯದಲ್ಲಿ ಯೋಚನೆಗೆ ಎಡೆಕೊಡುತ್ತದೆ. ಸ್ವರ್ಗಕ್ಕೆ ಹೋದ ಧರ್ಮರಾಯನು ಮೊದಲು ಕಂಡುದು ವೈಭವದಿಂದ ಕುಳಿತಿದ್ದ ದುರ್ಯೋಧನನನ್ನು. ಬಳಿಕ ಅವನಿಗೆ ನರಕದರ್ಶನವಾಯಿತು. ಜೀವಮಾನವಿಡೀ ನಡೆಸಿದ ಸತ್ಯವು, ದ್ರೋಣನ ಮುಂದೆ ಆಡಿದ ಒಂದು ಅರ್ಧಸತ್ಯವನ್ನು ಅಳಿಸಲಿಲ್ಲ. ದುರ್ಯೋಧನನ ಅಷ್ಟು ಅಧರ್ಮವೂ ಅವನ ಕ್ಷಾತ್ರದ ಫಲವನ್ನು ಕಸಿಯಲಿಲ್ಲ. ಪುಣ್ಯಕ್ಕೆ ಪುಣ್ಯದ ಫಲ, ಪಾಪಕ್ಕೆ ಪಾಪದ ಫಲ. ಒಂದನ್ನು ಇನ್ನೊಂದರ ಲೆಕ್ಕಕ್ಕೆ ವಜಾ ಹಾಕುವ ಸಂಪ್ರದಾಯವು ಅಲ್ಲಿಲ್ಲ. ಸ್ಮರಣೆಗೂ ಇದೇ ಧರ್ಮವು ಒಪ್ಪುತ್ತದೆ. ನೀರು ಕುಡಿದವನು ಕೃತಜ್ಞನಾಗಿರಲಿ. ಅವಮಾನವನ್ನುಂಡವನ ಮಕ್ಕಳಿಗೆ, ನೀರು ಬಂದಿತಲ್ಲ, ಸುಮ್ಮನಿರಿ ಎಂದು ಹೇಳುವ ಅಧಿಕಾರವು ಆ ಕೃತಜ್ಞತೆಗೆ ಇಲ್ಲ.

ವಿಯೆನ್ನಾ ನಗರವು ಈ ಪಾಠವನ್ನು ನಿಧಾನವಾಗಿ ಕಲಿಯಿತು. 1926ರಲ್ಲಿ ಲುಯೇಗರನ ಪ್ರತಿಮೆಯನ್ನು ನಿಲ್ಲಿಸಿತು. 1934ರಲ್ಲಿ ವಿಶ್ವವಿದ್ಯಾನಿಲಯದ ಮುಂದಿನ ರಾಜಬೀದಿಗೆ ಅವನ ಹೆಸರನ್ನಿಟ್ಟಿತು. 2012ರಲ್ಲಿ ಆ ಹೆಸರನ್ನು ತೆಗೆದುಹಾಕಿತು. ಪ್ರತಿಮೆಯನ್ನು ಕೆಡಹಬೇಕೆಂದು ಕೆಲವರು, ಮುಟ್ಟಬಾರದೆಂದು ಕೆಲವರು ವಾದಿಸಿದರು. 2023ರಲ್ಲಿ ಆಯ್ಕೆಯಾದುದು ಅದನ್ನು ಮೂರೂವರೆ ಡಿಗ್ರಿಗಳಷ್ಟು ಓರೆಯಾಗಿಸಬೇಕೆಂಬ ಕಲಾವಿದನೊಬ್ಬನ ಯೋಜನೆ. ಕೆಡಹಿದರೆ ತಮ್ಮ ಹಿರಿಯರು ಅವನನ್ನು ಪೂಜಿಸಿದ ಸಂಗತಿಯೂ ಮರೆಯಾಗುತ್ತದೆ. ನೆಟ್ಟಗೆ ಬಿಟ್ಟರೆ ಪೂಜೆಯು ಮುಂದುವರಿಯುತ್ತದೆ. ಓರೆಯು ಕಣ್ಣಿಗೆ ಸಣ್ಣದು. ಆದರೆ ನೋಡಿದವನು ಕಾರಣವನ್ನು ಕೇಳದೆ ಮುಂದೆ ಹೋಗಲಾರನು.

ಊರನ್ನಾಳುವವನು ಕಟ್ಟುವ ಕಾಲುವೆಗಳು ಎರಡು: ಒಂದರಲ್ಲಿ ನೀರು ಹರಿಯುತ್ತದೆ, ಇನ್ನೊಂದರಲ್ಲಿ ಮಾತು. ಅವನು ತೀರಿಕೊಂಡ ಮೇಲೆಯೂ ಎರಡೂ ಹರಿಯುತ್ತಲೇ ಇರುತ್ತವೆ. ಮೊದಲನೆಯದನ್ನು ಶುದ್ಧವಾಗಿಡಲು ಪುರಸಭೆಯು ಕಾವಲುಗಾರರನ್ನು ನೇಮಿಸುತ್ತದೆ. ಎರಡನೆಯದಕ್ಕೆ, ದಾಕ್ಷಿಣ್ಯಕ್ಕೆ ಸಿಕ್ಕದ ಸ್ಮರಣೆಯೊಂದೇ ಕಾವಲು.