ಬಾಣಂತಿಗೆ ಕೊಟ್ಟದ್ದು, ಬಾಣಂತಿಯಿಂದ ತಡೆದದ್ದು

ಮುಂಬೈ ಹತ್ತಿರದ ನಮ್ಮ ಅಂಬರನಾಥದ ಹಳೆಯ ಕಿರಾಣಿ ಅಂಗಡಿಗೆ ಹೋಗಿ ‘ಮನೆಯಲ್ಲಿ ಬಾಣಂತಿ ಇದ್ದಾಳೆ’ ಎಂದರೆ ಸಾಕು, ಪಟ್ಟಿ ಕೊಡಬೇಕಾಗಿಲ್ಲ. ಅಂಗಡಿಯವರು ತಾವೇ ಡಿಂಕ, ಅಳೀವ, ಮೇಥಿ, ಖಾರೀಕ, ಓವಾ, ಬಾಳಂತಶೇಪ ಎಂದು ಒಂದೊಂದೇ ಪೊಟ್ಟಣ ಕಟ್ಟಿ ಮುಂದಿಡುತ್ತಾರೆ. ನಮ್ಮ ಮನೆಗೆ ಬಂದ ಮೇಲೆ ಅವೇ ಅಂಟು, ಅಳವಿ, ಮೆಂತ್ಯ, ಉತ್ತತ್ತಿ, ಓಂಕಾಳು, ಸಬ್ಬಸಿಗೆ ಬೀಜ ಆಗುತ್ತವೆ. ಹೆಸರು ಬೇರೆಯಾದರೂ ಡಬ್ಬಿ ಅದೇ.

1060ರಲ್ಲಿ ಶಿಲಾಹಾರರ ಕಾಲದಲ್ಲಿ ವಾಲಧುನಿ ನದಿಯ ದಂಡೆಯಲ್ಲಿ ಎದ್ದ ಶಿವಾಲಯದ ಊರು ಇದು. ಆರ್ಡ್‌ನೆನ್ಸ್ ಫ್ಯಾಕ್ಟರಿ, ವಿಮ್ಕೋ ಬೆಂಕಿಪೆಟ್ಟಿಗೆ ಕಾರ್ಖಾನೆ ಬಂದ ಮೇಲೆ ನಾನಾ ಕಡೆಯವರು ಬಂದು ನೆಲೆಸಿದರು. ಹೀಗಾಗಿ ಒಂದೇ ಕಟ್ಟಡದಲ್ಲಿ ಮೂರು ಬಗೆಯ ಬಾಣಂತನ ನೋಡುವ ಭಾಗ್ಯ ನಮ್ಮದು. ನಮ್ಮದು ಧಾರವಾಡದ ಕಡೆಯ ಮನೆ, ಅಂಟಿನುಂಡಿ ಮತ್ತು ಹೆಸರುಬೇಳೆ ಹಾಕಿದ ಸಬ್ಬಸಗಿ ಪಲ್ಯ. ಮೇಲಿನ ಮಹಡಿಯ ಕಾರ್ಕಳ ಕಡೆಯ ಹೋಟೆಲಿನವರ ಮನೆಯಲ್ಲಿ ತೆಂಗಿನ ಹಾಲು, ಬೆಲ್ಲ ಹಾಕಿದ ಮೆಂತೆ ಗಂಜಿ. ಎದುರು ಮನೆಯ ಮರಾಠಿ ಕಾಕು ಅಳವಿಯನ್ನು ಎಳನೀರಿನಲ್ಲಿ ನೆನೆಸಿ, ಅದು ಲೋಳೆಯಾಗಿ ಉಬ್ಬಿದ ಮೇಲೆ ಹಸಿ ಕೊಬ್ಬರಿ, ಬೆಲ್ಲ ಸೇರಿಸಿ ಲಾಡು ಕಟ್ಟುತ್ತಾರೆ. ಹೆರಿಗೆ ಯಾರ ಮನೆಯಲ್ಲಾದರೂ ಮೂರೂ ಡಬ್ಬಿ ಅಲ್ಲಿಗೇ ಹೋಗುತ್ತವೆ.

ಅಂಟಿನುಂಡಿಯ ಮಾತು ಬಂದದ್ದರಿಂದ ಅದನ್ನು ಸರಿಯಾಗಿಯೇ ಹೇಳಿಬಿಡುತ್ತೇನೆ, ಪರದೇಶದಲ್ಲಿರುವ ನಿಮ್ಮಂಥ ಕನ್ನಡಿಗರ ಅಡುಗೆಮನೆಯಲ್ಲಿ ಕೆಡುವುದು ಇಲ್ಲಿಯೇ. ಅಂಟಿನ ಹರಳುಗಳನ್ನು ನಾಲ್ಕೈದರಂತೆ ತುಪ್ಪಕ್ಕೆ ಬಿಡಬೇಕು, ಉರಿ ಸಣ್ಣಗಿರಬೇಕು. ಉರಿ ಜೋರಾದರೆ ಹೊರಗೆ ಅರಳಿದಂತೆ ಕಂಡು ಒಳಗೆ ಹರಳು ಹಾಗೇ ಉಳಿಯುತ್ತದೆ, ತಿನ್ನುವಾಗ ಹಲ್ಲಿಗೆ ಮೆತ್ತುತ್ತದೆ. “ಅವಸರ ಮಾಡಬ್ಯಾಡ ತಂಗಿ, ಅಂಟು ತಂತಾನ ಅರಳಬೇಕು” ಎನ್ನುತ್ತಿದ್ದರು ನಮ್ಮತ್ತೆ. ಅರಳಿದ್ದನ್ನು ಬಟ್ಟಲಿನ ತಳದಿಂದ ಒತ್ತಿದರೆ ಚುರುಚುರು ಎಂದು ಪುಡಿಯಾಗಬೇಕು. ಆಮೇಲೆ ಹುರಿದ ಒಣ ಕೊಬ್ಬರಿ, ಉತ್ತತ್ತಿ ಪುಡಿ, ಬಾದಾಮಿ, ಗೋಡಂಬಿ, ಏಲಕ್ಕಿ ಬೆರೆಸಿ ಬೆಲ್ಲದ ಪಾಕದಲ್ಲಿ ಬಿಸಿಯಿರುವಾಗಲೇ ಕಟ್ಟಬೇಕು.

ಇಷ್ಟೆಲ್ಲ ತಿಂದರೆ ಎದೆಹಾಲು ಹೆಚ್ಚುತ್ತದೆಯೇ?

ಹಾಲು ಹೆಚ್ಚಿಸುವುದು ಮೊದಲು ಕೂಸಿನ ಬಾಯಿ, ಉಂಡೆಯ ಸರದಿ ಆಮೇಲೆ. ಕೂಸು ಚೀಪಿದಾಗ ತಾಯಿಯ ಮಿದುಳಿನ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಬಂದು ಹಾಲು ತಯಾರಾಗುತ್ತದೆ, ಆಕ್ಸಿಟೋಸಿನ್ ಬಂದು ಆ ಹಾಲು ಇಳಿಯುತ್ತದೆ. ಎದೆ ಬರಿದಾದಷ್ಟೂ ಮತ್ತೆ ತುಂಬುತ್ತದೆ; ತುಂಬಿಯೇ ಉಳಿದರೆ ತಯಾರಿ ತಗ್ಗುತ್ತದೆ. ಅದಕ್ಕೇ ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಕುಡಿಸಬೇಕು ಎನ್ನುವುದು. ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತು ಹೆಚ್ಚಿರುವುದರಿಂದ ‘ರಾತ್ರಿ ಡಬ್ಬಿ ಹಾಲು ಕೊಟ್ಟು ಮಲಗಿಸಿಬಿಡೋಣ, ಅವಳೂ ನಿದ್ದೆ ಮಾಡಲಿ’ ಎಂಬ ಕರುಣೆ ಕೆಲವೇ ದಿನಗಳಲ್ಲಿ ತಿರುಗುಬಾಣವಾಗುತ್ತದೆ. ಕೂಸು ಎದೆಗೆ ಸರಿಯಾಗಿ ಹತ್ತಿಕೊಳ್ಳುವುದೂ ಅಷ್ಟೇ ಮುಖ್ಯ: ಬಾಯಿ ಅಗಲವಾಗಿ ತೆರೆದಿರಬೇಕು, ಗದ್ದ ಎದೆಗೆ ತಾಗಿರಬೇಕು, ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಬಾಯೊಳಗೆ ಹೋಗಿರಬೇಕು. ತೊಟ್ಟು ಒಡೆದು ತಾಯಿ ಕಣ್ಣೀರಿಡುತ್ತಿದ್ದರೆ ಹೆಚ್ಚಾಗಿ ಹಿಡಿದ ಭಂಗಿ ತಪ್ಪಿದೆ ಎಂದೇ ತಿಳಿಯಬೇಕು. ಅದನ್ನು ಯಾವ ಲೇಹ್ಯವೂ ಸರಿಪಡಿಸದು.

ಇನ್ನು ಹಾಲು ‘ಸಾಲುವುದಿಲ್ಲ’ ಎಂಬ ತೀರ್ಪು. ಹುಟ್ಟಿದ ದಿನ ಕೂಸಿನ ಹೊಟ್ಟೆ ಒಂದು ಚಮಚೆಯಷ್ಟು ಹಾಲಿಗೇ ತುಂಬುತ್ತದೆ. ಆ ದಿನ ಬರುವ ಹಳದಿ ಗಟ್ಟಿ ಹಾಲು ಅಷ್ಟಕ್ಕೆ ಸಾಕು. ಹಾಲು ತುಂಬಿ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನ, ಸಿಸೇರಿಯನ್ ಆದರೆ ಇನ್ನಷ್ಟು ತಡವಾಗಬಹುದು. ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿದು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ. ಐದನೆಯ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ. ಸಂಜೆ ಹೊತ್ತು ಅರ್ಧ ಗಂಟೆಗೊಮ್ಮೆ ಅತ್ತು ಎದೆ ಕೇಳುವುದು ಬಹಳ ಕೂಸುಗಳ ಸ್ವಭಾವ. ನೋಡಲು ಬಂದವರು ಸರಿಯಾಗಿ ಆ ಹೊತ್ತಿಗೇ ಬಂದು, ಕಾಫಿ ಕುಡಿದು, ‘ಹಾಲು ಕಡಿಮೆ ಇರಬೇಕು ನೋಡು’ ಎಂದು ಹೇಳಿ ಹೋಗುತ್ತಾರೆ.

ಹಾಗಾದರೆ ಮೆಂತ್ಯ, ಶತಾವರಿ ಎಲ್ಲ ಸುಳ್ಳೇ? ಸುಳ್ಳೂ ಅಲ್ಲ, ಸಾಬೀತಾದ ಸತ್ಯವೂ ಅಲ್ಲ. ಹಾಲು ಹೆಚ್ಚಿಸುವ ಔಷಧ, ಗಿಡಮೂಲಿಕೆಗಳ ಮೇಲೆ ನಡೆದ 41 ಪ್ರಯೋಗಗಳನ್ನು, ಒಟ್ಟು 3005 ತಾಯಂದಿರನ್ನು, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಒಟ್ಟಿಗೆ ಇಟ್ಟು ನೋಡಿತು. ಕೆಲವು ಗಿಡಮೂಲಿಕೆಗಳಿಂದ ಉಪಯೋಗ ಇರಬಹುದು, ಆದರೆ ಪುರಾವೆ ತೀರ ದುರ್ಬಲ ಎಂಬಲ್ಲಿಗೆ ಅದು ನಿಂತಿತು. ಶತಾವರಿಯನ್ನು ನಮ್ಮಲ್ಲಿ ‘ಹಲವು ಮಕ್ಕಳ ತಾಯಿ ಬೇರು’ ಎನ್ನುತ್ತಾರೆ. ಹೆಸರಿನಲ್ಲೇ ಅರ್ಧ ನಂಬಿಕೆ ಹುಟ್ಟುತ್ತದೆ! ಆದರೆ 1996ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಅದರಿಂದ ವ್ಯತ್ಯಾಸ ಕಾಣಲಿಲ್ಲ. 2011ರ ಇನ್ನೊಂದರಲ್ಲಿ ಪ್ರೊಲ್ಯಾಕ್ಟಿನ್ ಏರಿದ್ದು ಕಂಡಿತು. ಇನ್ನೊಂದು ಸ್ವಾರಸ್ಯವೆಂದರೆ, ಚರಕಸಂಹಿತೆ ‘ಸ್ತನ್ಯಜನನ’ ಎಂದು ಹತ್ತು ದ್ರವ್ಯಗಳನ್ನು ಹೆಸರಿಸುತ್ತದೆ. ಲಾವಂಚ, ಭತ್ತ, ದರ್ಭೆ, ಕುಶ ಹೀಗೆ ಎಲ್ಲವೂ ಹುಲ್ಲಿನ ಜಾತಿಯ ಬೇರುಗಳೇ. ಶತಾವರಿಯೂ ಇಲ್ಲ, ಮೆಂತ್ಯವೂ ಇಲ್ಲ.

ಈ ತಿನಿಸುಗಳಿಗೆ ನನ್ನ ಮನೆಯಲ್ಲಂತೂ ಜಾಗವಿದೆ. ಮೊದಲ ಆರು ತಿಂಗಳು ಹಾಲುಣಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ತಿನ್ನಬಹುದಾದ ಉಂಡೆಗಿಂತ ಸುಲಭದ ದಾರಿ ಯಾವುದಿದೆ? ಅಳವಿಯಲ್ಲಿ ಕಬ್ಬಿಣವಿದೆ, ಸಬ್ಬಸಿಗೆ ಒಳ್ಳೆಯ ಸೊಪ್ಪು. ಮೆಂತ್ಯವನ್ನು ಅಡುಗೆಯ ಅಳತೆಯಲ್ಲಿ ಬಳಸಿದರೆ ಚಿಂತೆಯಿಲ್ಲ. ಮಾತ್ರೆಯ ರೂಪದಲ್ಲಿ ನುಂಗುವವರು, ಅದರಲ್ಲೂ ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು, ವೈದ್ಯರನ್ನು ಕೇಳದೆ ಮುಂದುವರಿಯಬಾರದು, ಅದು ಸಕ್ಕರೆಯನ್ನು ಇಳಿಸುತ್ತದೆ. ಕರಾವಳಿ, ಕೊಂಕಣದ ಮನೆಗಳಲ್ಲಿ ಬಾಣಂತಿಗೆ ಶಾರ್ಕ್ ಮರಿಯ ಸಾರು ಮಾಡುವ ರೂಢಿಯಿದೆ, ಇಲ್ಲಿಯ ಮೀನು ಮಾರುಕಟ್ಟೆಯಲ್ಲಿ ಅದಕ್ಕೆ ಮುಶಿ ಎನ್ನುತ್ತಾರೆ. ಶಾರ್ಕಿನಲ್ಲಿ ಪಾದರಸ ಶೇಖರವಾಗುವುದರಿಂದ ಅದರ ಬದಲು ಬೂತಾಯಿಯೋ ಬಂಗುಡೆಯೋ ಮಾಡಿಕೊಡಿ.

ನನ್ನ ತಕರಾರು ನಾವು ಕೊಟ್ಟದ್ದರ ಬಗ್ಗೆ ಅಷ್ಟಾಗಿ ಇಲ್ಲ, ತಡೆದದ್ದರ ಬಗ್ಗೆ ಇದೆ. ಹಸಿಮೈ, ನಂಜು, ಶೀತ ಎಂದು ನೀರು ತಡೆದೆವು. ಎಷ್ಟೋ ಮನೆಗಳಲ್ಲಿ ಕೂಸಿಗೆ ವಾಯು ಆಗುತ್ತದೆ ಎಂದು ಬೇಳೆ, ಕಾಳು, ತರಕಾರಿ, ಹಣ್ಣು ತಡೆದೆವು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಜೇನು, ಸಕ್ಕರೆ ನೀರು ನೆಕ್ಕಿಸಿದೆವು. ಕೊನೆಗೆ ಬಾಣಂತಿಯ ತಟ್ಟೆಯಲ್ಲಿ ಉಳಿದದ್ದು ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು.

ಇದರ ಬೆಲೆ ತೆತ್ತದ್ದು ಕೂಸುಗಳು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎದೆಹಾಲನ್ನಷ್ಟೇ ಕುಡಿಯುತ್ತಿದ್ದ, ಮೈಕೈ ತುಂಬಿಕೊಂಡಿದ್ದ ಎಳೆಗೂಸುಗಳು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ಏದುಸಿರು ಬಿಡುತ್ತ, ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿ, ಹೃದಯ ಸೋಲುವ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುತ್ತಿದ್ದವು. ಕಾರಣ ಥಯಾಮಿನ್, ಅಂದರೆ ಬಿ1 ಜೀವಸತ್ವದ ಕೊರತೆ. ತಾಯಂದಿರ ಊಟ ಪಾಲಿಶ್ ಮಾಡಿದ ಅಕ್ಕಿಯದು, ಪಥ್ಯದ್ದು. ತಾಯಿಯಲ್ಲೇ ಇಲ್ಲದ ಥಯಾಮಿನ್ ಹಾಲಿಗೆ ಬರುವುದೆಲ್ಲಿಂದ? ಥಯಾಮಿನ್ ಚುಚ್ಚುಮದ್ದು ಕೊಟ್ಟ ಒಂದೆರಡು ದಿನದಲ್ಲೇ ಕೂಸುಗಳು ಚೇತರಿಸಿಕೊಂಡವು. ಅಕ್ಕಿಯನ್ನು ಹತ್ತು ನೀರಿನಲ್ಲಿ ತೊಳೆದು ಗಂಜಿ ಬಸಿದು ಚೆಲ್ಲಿದರೆ ಇದ್ದದ್ದರಲ್ಲೂ ಬಹುಪಾಲು ಹೋಗುತ್ತದೆ. ಕರಾವಳಿಯ ಕುಚಲಕ್ಕಿಯಲ್ಲಿ ಹೀಗಾಗದು, ಭತ್ತವನ್ನೇ ಬೇಯಿಸುವುದರಿಂದ ಜೀವಸತ್ವ ಕಾಳಿನೊಳಗೆ ಇಳಿದು ಉಳಿಯುತ್ತದೆ. ಕಾರ್ಕಳದವರ ಕುಚಲಕ್ಕಿ ಗಂಜಿಯನ್ನು ನಮ್ಮ ಕಡೆಯವರು ಬಡವರ ಊಟ ಎಂದು ಮೂಗು ಮುರಿದದ್ದಿದೆ. ಬಾಣಂತಿಯ ಮಟ್ಟಿಗೆ ಅದೇ ಮೇಲು.

ಮುಂಬೈ ಸುತ್ತಿನ ಊರುಗಳಲ್ಲಿ ಇನ್ನೊಂದು ತೊಡಕು ಲೋಕಲ್ ರೈಲು. ಅಂಬರನಾಥದಿಂದ ಮುಂಬೈನ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಸುಮಾರು 60 ಕಿಲೋಮೀಟರ್; ಬೆಳಗ್ಗೆ ಹೋದವಳು ಮನೆಗೆ ಮರಳುವಾಗ ಕತ್ತಲು. ಹೆರಿಗೆ ಭತ್ಯೆ ಕಾನೂನಿನ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರಗಳ ರಜೆಯಿದೆ, ಕೂಸಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು ಕಾನೂನು ಹೇಳುತ್ತದೆ. ಅಂಬರನಾಥದಲ್ಲಿ ಕೂಸು, ಮುಂಬೈನ ಫೋರ್ಟ್‌ನಲ್ಲಿ ತಾಯಿ ಇದ್ದರೆ ಆ ಬಿಡುವಿನಲ್ಲಿ ಹಾಲು ಹಿಂಡಿ ಇಡುವುದೊಂದೇ ದಾರಿ. ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಹೊರಗಿಡುವ ಮಾತೇ ಬೇಡ. ಕುಡಿಸಲು ಬಾಟಲಿಗಿಂತ ನಮ್ಮ ಹಳೆಯ ಒಳಲೆಯೇ ವಾಸಿ, ತೊಳೆಯುವುದೂ ಸುಲಭ. ಇಲ್ಲಿಯವರ ಬೋಂಡಲೆಯೂ ಅದೇ.

ಅಂಬರನಾಥವಿರುವ ಇದೇ ಸೆಂಟ್ರಲ್ ರೈಲು ಮಾರ್ಗದ ಸಾಯನ್‌ನಲ್ಲಿ ಲೋಕಮಾನ್ಯ ತಿಲಕ್ ಆಸ್ಪತ್ರೆಯಿದೆ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕು 1989ರ ನವೆಂಬರ್ 27ರಂದು ಡಾ. ಅರ್ಮಿಡಾ ಫರ್ನಾಂಡಿಸ್ ಅವರ ನೇತೃತ್ವದಲ್ಲಿ ಶುರುವಾದದ್ದು ಅಲ್ಲಿ. ಹಾಲು ಹೆಚ್ಚಿದ್ದವರು ಕೊಟ್ಟದ್ದನ್ನು ಪಾಶ್ಚರೀಕರಿಸಿ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಕುಡಿಸುತ್ತಾರೆ. ನಿಜಕ್ಕೂ ಹಾಲು ಕಡಿಮೆಯಾಗುವ ತಾಯಂದಿರೂ ಇದ್ದಾರೆ: ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಒಳಗೆ ಉಳಿದ ಮಾಸಿನ ತುಂಡು, ಹಿಂದೆ ಆದ ಎದೆಯ ಶಸ್ತ್ರಚಿಕಿತ್ಸೆ. ಅವರಿಗೆ ಬೇಕಾದದ್ದು ವೈದ್ಯರು. ‘ಇನ್ನೆರಡು ಉಂಡೆ ತಿನ್ನು’ ಎನ್ನುವುದು ಅಂಥವರಿಗೆ ಕೊಡುವ ಶಿಕ್ಷೆ.

ಬಾಣಂತನದಲ್ಲಿ ಎಲ್ಲಕ್ಕಿಂತ ದೊಡ್ಡ ಮದ್ದು ಯಾವ ಪೊಟ್ಟಣದಲ್ಲೂ ಇರಲಿಲ್ಲ. ಅಡುಗೆ, ಬಟ್ಟೆ, ಬಂದವರ ಉಪಚಾರ ಎಲ್ಲವನ್ನೂ ಬೇರೆಯವರು ಹೊತ್ತುಕೊಂಡು, ತಾಯಿಗೆ ಕೂಸೊಂದನ್ನೇ ಬಿಟ್ಟುಕೊಡುತ್ತಿದ್ದರು. ನೋವು, ಗಾಬರಿ, ದಣಿವು ಆಕ್ಸಿಟೋಸಿನ್ನಿಗೆ ಅಡ್ಡಿ ಎಂದು ಈಗ ಪುಸ್ತಕಗಳು ಹೇಳುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇದಕ್ಕೆಂದೇ ‘ಕ್ರಾಮ್‌ಜೋರ್ಗ್’ ಎಂಬ ವ್ಯವಸ್ಥೆಯಿದೆ. ತರಬೇತಿ ಪಡೆದ ದಾದಿ ಹೆರಿಗೆಯಾದ ಮನೆಗೆ ಬಂದು ಮೊದಲ ಎಂಟು ಹತ್ತು ದಿನ ತಾಯಿ ಮಗುವನ್ನು ನೋಡಿಕೊಂಡು, ಎದೆಗೆ ಹಿಡಿಯುವುದನ್ನು ಕಲಿಸಿ, ಮನೆಗೆಲಸಕ್ಕೂ ಕೈ ಹಚ್ಚುತ್ತಾಳೆ. ಅದರ ಖರ್ಚಿನ ಬಹುಪಾಲನ್ನು ವಿಮೆಯೇ ನೋಡಿಕೊಳ್ಳುತ್ತದೆ.

ಪರದೇಶದ ಕನ್ನಡಿಗರೇ, ನೀವಿರುವ ದೇಶಗಳಲ್ಲಿ ಎಲ್ಲ ಕಡೆ ಇಂಥ ವ್ಯವಸ್ಥೆಯಿಲ್ಲ. ಅಮ್ಮನಿಗೆ ವೀಸಾ ಸಿಗದಿರಬಹುದು, ಸಿಕ್ಕರೂ ಅತ್ತೆ ಅಮ್ಮಂದಿರು ಬರುವ ಹೊತ್ತಿಗೆ ಮೊದಲ ವಾರ ಕಳೆದಿರಬಹುದು. ನಿಮ್ಮ ಸಂಘದಲ್ಲಿ ಯುಗಾದಿಗೆ, ರಾಜ್ಯೋತ್ಸವಕ್ಕೆ ಸಮಿತಿಗಳಿವೆ, ಊಟಕ್ಕಂತೂ ಎರಡೆರಡು. ಬಾಣಂತನಕ್ಕೂ ಒಂದು ಸಮಿತಿ ಮಾಡಿ. ಹಾಲುಣಿಸಿ ಅನುಭವ ಇರುವ ನಾಲ್ಕು ಜನ ಹೆಂಗಸರು, ಒಬ್ಬ ವೈದ್ಯೆ, ಸರದಿಯ ಮೇಲೆ ಬೇಳೆ, ಸೊಪ್ಪು, ಅನ್ನ ಕಟ್ಟಿಕೊಂಡು ಹೋಗಿ ಪಾತ್ರೆ ತೊಳೆದಿಟ್ಟು ಬರುವ ಕೆಲವರು ಇದ್ದರೆ ಸಾಕು. ಗಂಡಸರೂ ಸೇರಲಿ, ಪಾತ್ರೆಗೆ ಅವರೂ ಆಗುತ್ತಾರೆ. ಹೋದವರು ‘ಹಾಲು ಸಾಲುತ್ತಾ?’ ಎಂದು ಮಾತ್ರ ಕೇಳಬೇಡಿ. ‘ಊಟ ಆಯಿತೇನಮ್ಮಾ, ನೀರು ಕೊಡಲಾ?’ ಎಂದು ಕೇಳಿ.