ಅಳಿದ ಹಕ್ಕಿಗೆ ಸಾಕ್ಷಿ ಯಾರು?

ಚಿತ್ರದಲ್ಲಿರುವ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುತ್ತೇವಲ್ಲ, ಆ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ ಎಂದ ಕಾವ್ಯಮೀಮಾಂಸಕ ಶ್ರೀಶಂಕುಕ. ರಸವನ್ನು ವಿವರಿಸಲು ಅವನು ಕೊಟ್ಟ ದೃಷ್ಟಾಂತವಿದು. ಕಲೆಗೆ ನಿಜ ಸುಳ್ಳಿನ ಲೆಕ್ಕ ಕೇಳಬಾರದು ಎನ್ನುವವರಿಗೆ ಈ ಮಾತು ದೊಡ್ಡ ಬಲ. ಆದರೆ ಅದು ನಿಲ್ಲುವುದು ಲಾಯದಲ್ಲಿ ಜೀವಂತ ಕುದುರೆ ಇರುವವರೆಗೆ ಮಾತ್ರ. ಕುದುರೆಯ ಕುಲವೇ ಅಳಿದ ಮೇಲೆ ಚಿತ್ರ ರಸದ ವಸ್ತುವಾಗಿಯಷ್ಟೇ ಉಳಿಯುವುದಿಲ್ಲ, ಸಾಕ್ಷಿಯೂ ಆಗುತ್ತದೆ. ಆಗ ಚಿತ್ರಕಾರನನ್ನು ನ್ಯಾಯಶಾಸ್ತ್ರದ ‘ಆಪ್ತ’ನ ಅಳತೆಯಿಂದಲೇ ಅಳೆಯಬೇಕು: ಅವನು ತಾನೇ ಕಂಡನೇ? ಕಂಡದ್ದನ್ನು ಕಂಡಂತೆ ಹೇಳಿದನೇ?

ಮಾರಿಷಸ್ಸಿನ ಡೋಡೋ ಹಕ್ಕಿಯನ್ನೇ ನೋಡಿ. 1598ರಲ್ಲಿ ಡಚ್ಚರು ಆ ದ್ವೀಪಕ್ಕೆ ಬಂದಿಳಿದರು. 1662ರ ನಂತರ ಹಕ್ಕಿಯನ್ನು ಕಂಡ ಖಚಿತ ದಾಖಲೆ ಇಲ್ಲವೆಂದೇ ಹೆಚ್ಚಿನವರ ಅಭಿಪ್ರಾಯ. ಯುರೋಪಿನಲ್ಲಿ ಚಿತ್ರಕಾರ ರೂಲಾಂಟ್ ಸಾವೆರಿ ಅದನ್ನು ಮತ್ತೆ ಮತ್ತೆ ಬರೆದ. ಅವನ ಡೋಡೋ ಕೊಬ್ಬಿ ಊದಿದ, ಕುಳ್ಳಗಿನ ಹಕ್ಕಿ. ಮುಂದಿನವರು ಅದನ್ನೇ ನಕಲು ಮಾಡಿದರು. 1865ರಲ್ಲಿ ಮಾರಿಷಸ್ಸಿನ ಜೌಗಿನಲ್ಲಿ ಮೂಳೆಗಳು ಸಿಕ್ಕಾಗ ರಿಚರ್ಡ್ ಓವೆನ್‌ನಂಥ ವಿಜ್ಞಾನಿಯೂ ಅವನ್ನು ಸಾವೆರಿಯ ಚಿತ್ರದ ಹೊರಗೆರೆಯೊಳಗೆ ಕೂಡಿಸಿದ; ತಪ್ಪು ತಿಳಿದು 1872ರಲ್ಲಿ ತಿದ್ದಿಕೊಂಡ. ಮೂಳೆ ಕಣ್ಣೆದುರಿಗಿದ್ದರೂ ಚಿತ್ರವೇ ಗೆದ್ದಿತ್ತು. ನಮ್ಮ ಹಿರಿಯರು ಅಂಧಪರಂಪರಾನ್ಯಾಯ ಎಂದು ಎಚ್ಚರಿಸಿದ್ದು ಇದನ್ನೇ: ಸಾವಿರ ಮಂದಿ ಒಂದೇ ರೂಪ ಬರೆದರೂ, ಅಷ್ಟೂ ಒಬ್ಬನ ನಕಲಾಗಿದ್ದರೆ ಸಾಕ್ಷಿ ಒಂದೇ.

ಇದಕ್ಕೆ ಎದುರಾಗಿ ನಿಲ್ಲುವುದು ಜಹಾಂಗೀರನ ಆಸ್ಥಾನದ ಚಿತ್ರ, 1625ರ ಸುಮಾರಿನದು, ಈಗ ಸೇಂಟ್ ಪೀಟರ್ಸ್‌ಬರ್ಗಿನ ಸಂಗ್ರಹವೊಂದರಲ್ಲಿದೆ. ನಡುವೆ ಕಂದು ಬಣ್ಣದ ಡೋಡೋ, ಸುತ್ತ ಗಿಣಿಗಳು, ಹಿಮಾಲಯದ ಟ್ರಾಗೋಪಾನ್, ಪಟ್ಟೆತಲೆ ಹೆಬ್ಬಾತು, ಸ್ಯಾಂಡ್‌ಗ್ರೌಸ್. ಸೂರತ್ತಿನಲ್ಲಿ ಎರಡು ಡೋಡೋ ಕಂಡೆನೆಂದು ಆ ಕಾಲದ ಪ್ರವಾಸಿ ಪೀಟರ್ ಮಂಡಿ ಬರೆದಿದ್ದಾನೆ. ಆದ್ದರಿಂದ ಕಲಾವಿದ ಜೀವಂತ ಹಕ್ಕಿಯನ್ನೇ ನೋಡಿರುವುದು ಸಾಧ್ಯ. ಸಾಧ್ಯವಾದ ಮಾತ್ರಕ್ಕೆ ನಂಬುವುದೇ ಎಂದು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನ್ಯಾಯಸೂತ್ರದಲ್ಲಿದೆ. ವೇದದ ಪ್ರಾಮಾಣ್ಯಕ್ಕೆ ಸೂತ್ರಕಾರ ಗೌತಮ ಮಂತ್ರ, ಆಯುರ್ವೇದಗಳನ್ನು ದೃಷ್ಟಾಂತವಾಗಿ ಕೊಡುತ್ತಾನೆ: ಪರೀಕ್ಷಿಸಬಹುದಾದ ಕಡೆ ನಿಜ ನುಡಿದವನನ್ನು ಪರೀಕ್ಷಿಸಲಾಗದ ಕಡೆಯೂ ನಂಬಬಹುದು. ವೇದಕ್ಕೆ ಈ ವಾದ ಸಾಲದೆನ್ನುವವರಿದ್ದಾರೆ. ಚಿತ್ರಕ್ಕೆ ಮಾತ್ರ ಇದು ಸರಿಯಾಗಿ ಒಪ್ಪುತ್ತದೆ: ಸುತ್ತಲ ಹಕ್ಕಿಗಳನ್ನು ಇಂದಿಗೂ ಪರೀಕ್ಷಿಸಬಹುದು. ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ಭಿಗವಣದಲ್ಲಿ, ಉಜನಿ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ನಮ್ಮ ಗದಗಿನ ಮಾಗಡಿ ಕೆರೆಗೂ ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಚಿತ್ರದ ಹೆಬ್ಬಾತನ್ನು ಈ ಜೀವಂತ ಹಕ್ಕಿಗೆ ಹೋಲಿಸಿ ನೋಡಬಹುದು. ಸುತ್ತಲ ಹಕ್ಕಿಗಳನ್ನು ಜಾತಿ ಗುರುತಿಸುವಷ್ಟು ಖಚಿತವಾಗಿ ಬರೆದ ಕೈ, ನಡುವಿನದೊಂದನ್ನು ಮಾತ್ರ ಕಲ್ಪಿಸಿತೆನ್ನಲು ಕಾರಣವಿಲ್ಲ.

ಕಲಾವಿದ ಕಂಡಿರಬಹುದಾದದ್ದು ಪಂಜರದ ಹಕ್ಕಿ, ಕಾಡಿನ ಹಕ್ಕಿಯಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಒಪ್ಪಬೇಕಾದದ್ದೇ, ಅದು ಸಾಕ್ಷಿಯ ವ್ಯಾಪ್ತಿಯನ್ನು ಕುಗ್ಗಿಸುತ್ತದೆ, ಸಾಕ್ಷಿಯನ್ನು ಅಳಿಸುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ: ಚಿತ್ರದಲ್ಲಿ ಸಹಿಯಿಲ್ಲ. ಜಹಾಂಗೀರನ ಆಸ್ಥಾನದ ಕಲಾವಿದ ಉಸ್ತಾದ್ ಮನ್ಸೂರನದೆಂದು ಶೈಲಿಯಿಂದ ಊಹಿಸುತ್ತೇವೆ. ಎಲ್ಲಿ, ಯಾವಾಗ ಕಂಡದ್ದೆಂಬ ಒಂದು ಸಾಲು ಇದ್ದಿದ್ದರೆ ಎಷ್ಟೋ ವಾದಗಳು ಹುಟ್ಟುತ್ತಲೇ ಇರಲಿಲ್ಲ.

ಇದು ಹಳೆಯ ಕತೆಯಷ್ಟೇ ಅಲ್ಲ. ಇಂದಾಪುರದಾಚೆ ಸೊಲ್ಲಾಪುರದ ನಾನ್ನಜ್‌ನಲ್ಲಿ, ನಮ್ಮ ಸಿರುಗುಪ್ಪದಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಬೆರಳೆಣಿಕೆಗೆ ಇಳಿದಿದೆ. ಅದನ್ನು ಬರೆಯುವ, ಕ್ಯಾಮೆರಾದಲ್ಲಿ ಹಿಡಿಯುವ ಎಲ್ಲರಲ್ಲೂ ಒಂದು ಕೋರಿಕೆ: ಕಂಡಷ್ಟನ್ನೇ ತೋರಿಸಿ, ಊರು, ದಿನಾಂಕ ಬರೆದಿಡಿ, ನಕಲಾದರೆ ನಕಲೆಂದೇ ಹೇಳಿ.