ನಿಲ್ಲಿಸುವ ತಂತಿ

ಮೇ-ಜೂನ್ ತಿಂಗಳಲ್ಲಿ ಒಂದು ಸಂಜೆ ಆಂಧಿ, ಅಂದರೆ ದೂಳಿನ ಬಿರುಗಾಳಿ, ಎದ್ದಿತೆಂದರೆ, ಮರುದಿನ ಬೆಳಗಾಗುವಷ್ಟರಲ್ಲಿ ದೆಹಲಿಯ ರಸ್ತೆಗಳಲ್ಲಿ ಚೈನ್‌ಸಾ ಸದ್ದು ಶುರು. 2022ರ ಮೇ 30ರ ಬಿರುಗಾಳಿ ಒಂದೇ ಸಂಜೆಗೆ ನೂರಾರು ಮರಗಳನ್ನು ಕೆಡವಿತು. ಕಾರಿನ ಮೇಲೆ, ಕರೆಂಟ್ ತಂತಿಯ ಮೇಲೆ ಒರಗಿದ ಮರವನ್ನು ತುಂಡರಿಸಿ ದಾರಿ ಬಿಡಿಸುವ ಹೊತ್ತಿನಲ್ಲಿ ಚೈನ್‌ಸಾ ಉಪಕಾರಿ ಯಂತ್ರವೇ. ಆದರೆ ಸ್ವಿಚ್ ಒತ್ತಿದರೂ ಅದು ನಿಲ್ಲದೆ ಹೋದರೆ ಹಿಡಿದವರ ಪಾಡು ಬೇಡ.

ಮನೆಯ ದೀಪದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೀಪ ಆರಿಸಿದರೆ ಸಂಪರ್ಕ ಕಡಿಯುತ್ತದೆ; ಪೆಟ್ರೋಲ್ ಚೈನ್‌ಸಾ ಆರಿಸುವುದೆಂದರೆ ಸಂಪರ್ಕ ಕೂಡಿಸುವುದು. ಅದಕ್ಕೆ ಬ್ಯಾಟರಿಯಿಲ್ಲ. ಎಂಜಿನ್ ಜೊತೆ ತಿರುಗುವ ಚಕ್ರದಲ್ಲಿರುವ ಅಯಸ್ಕಾಂತ ಪ್ರತಿ ಸುತ್ತಿಗೂ ಕಾಯಿಲ್ ಪಕ್ಕ ಹಾದು, ಪ್ಲಗ್ಗಿಗೆ ಬೇಕಾದ ಕಿಡಿಯನ್ನು ಹುಟ್ಟಿಸುತ್ತದೆ. ಒಮ್ಮೆ ಹಗ್ಗ ಎಳೆದು ಚಾಲೂ ಮಾಡಿದರೆ ಆಮೇಲೆ ಅದಕ್ಕೆ ಯಾರ ಹಂಗೂ ಇಲ್ಲ. ನಿಲ್ಲಬೇಕಾದರೆ ಕಾಯಿಲ್‌ನಿಂದ ಬಂದ ಒಂದು ಸಣ್ಣ ತಂತಿಯನ್ನು ಸ್ವಿಚ್ಚು ಎಂಜಿನ್ನಿನ ಲೋಹದ ಮೈಗೆ ಮುಟ್ಟಿಸಬೇಕು. ಆಗ ಕಿಡಿ ಸಾಯುತ್ತದೆ. ಆ ತಂತಿ ಅದುರಿ ಅದುರಿ ತುಂಡಾಗಿದ್ದರೆ, ಸ್ವಿಚ್ಚಿನ ಬಾಯಿಗೆ ಮರದ ಪುಡಿಯೂ ಎಣ್ಣೆಯೂ ಮೆತ್ತಿಕೊಂಡಿದ್ದರೆ, ಯಂತ್ರ ಓಡುತ್ತಲೇ ಇರುತ್ತದೆ. ಓಡುವುದರಲ್ಲಿ ಏನೂ ಕೊರತೆ ಕಾಣದ ಕಾರಣ ನಿಲ್ಲಿಸಹೊರಟಾಗಲೇ ಈ ದೋಷ ಬಯಲಾಗುವುದು.

ಆಗ ಗಾಬರಿಯಲ್ಲಿ ಪ್ಲಗ್ಗಿನ ಟೋಪಿಗೆ ಕೈ ಹಾಕುವವರಿದ್ದಾರೆ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಬೇಡವೇ ಬೇಡ. ಆ್ಯಕ್ಸಿಲರೇಟರ್ ಬಿಟ್ಟು, ಮುಂದಿನ ಕೈತಡೆಯನ್ನು ಮುಂದಕ್ಕೆ ತಳ್ಳಿ ಚೈನ್ ಬ್ರೇಕ್ ಹಾಕಿ, ಆಮೇಲೆ ಚೋಕ್ ಎಳೆಯಬೇಕು. ಗಾಳಿ ಸಾಲದೆ, ಪೆಟ್ರೋಲ್ ಅತಿಯಾಗಿ ಎಂಜಿನ್ ತಾನೇ ನಿಂತುಬಿಡುತ್ತದೆ. ಯಂತ್ರ ತಣಿದ ಮೇಲೆ ಪ್ಲಗ್ಗಿನ ಟೋಪಿ ಕಳಚಿಟ್ಟು, ಸ್ವಿಚ್ಚಿನ ತಂತಿಯನ್ನು ತುದಿಯಿಂದ ತುದಿಯವರೆಗೆ ನೋಡಿದರಾಯಿತು. ಇಂಥ ಹೊತ್ತಿನಲ್ಲಿ ಹೊಸ ಕಾಯಿಲ್ ಹಾಕಿಸಿ ಎನ್ನುವ ಮೆಕ್ಯಾನಿಕ್ಕಿನ ಮಾತಿಗೆ ತಟ್ಟನೆ ತಲೆಯಾಡಿಸಬೇಡಿ. ಕಿಡಿ ಬರುತ್ತಿರುವುದರಿಂದಲೇ ತಾನೆ ಯಂತ್ರ ನಿಲ್ಲುತ್ತಿಲ್ಲ! ಆರಿಸಿದ ಮೇಲೂ ಒಂದೆರಡು ಕ್ಷಣ ಕೆಮ್ಮಿ ನಿಲ್ಲುವುದು ಬೇರೆ ಕಾಯಿಲೆ. ಅತಿಯಾಗಿ ಕಾದ ಎಂಜಿನ್ನೊಳಗೆ ಕರಿ ಕೆಂಡವಾಗಿ ಉರಿಯುತ್ತಿರುತ್ತದೆ, ಅಷ್ಟೆ.

ದೆಹಲಿಯಲ್ಲಿ ಮರ ಕಡಿಯುವುದನ್ನು ತಡೆಯಲು ಸ್ವಿಚ್ಚುಗಳಿಗೇನೂ ಬರವಿಲ್ಲ. 1994ರ ಮರ ಸಂರಕ್ಷಣಾ ಕಾಯ್ದೆ ಇದೆ, ಅದರಡಿ ವೃಕ್ಷಾಧಿಕಾರಿಗಳಿದ್ದಾರೆ, ರಿಜ್ ಕಾಡಿಗೆಂದೇ ಒಂದು ಮಂಡಳಿ ಇದೆ, ಎಲ್ಲಕ್ಕೂ ಮೇಲೆ ಸುಪ್ರೀಂ ಕೋರ್ಟಿನ ಕಣ್ಣಿದೆ. ಹೀಗಿದ್ದೂ ಮೈದಾನ್ ಗಢಿಯ ಅರೆಸೇನಾ ಪಡೆಗಳ ಆಸ್ಪತ್ರೆಗೆ ಹೋಗುವ ರಸ್ತೆ ಅಗಲ ಮಾಡಲೆಂದು 2024ರ ಫೆಬ್ರುವರಿಯಲ್ಲಿ ದಕ್ಷಿಣ ರಿಜ್ ಮತ್ತು ಅದರ ಆಸುಪಾಸಿನಲ್ಲಿ ಸುಮಾರು 1,100 ಮರಗಳು ಉರುಳಿದವು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕೇಳಿದ್ದ ಅನುಮತಿಗೆ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಗ ಅಲ್ಲಿ ಕಡಿಯಲು ಮರವೇ ಉಳಿದಿರಲಿಲ್ಲ. ಅದನ್ನು ಕೋರ್ಟಿಗೆ ಹೇಳಿದವರೂ ಇರಲಿಲ್ಲ.

ನ್ಯಾಯಾಂಗ ನಿಂದನೆಯ ಮೊಕದ್ದಮೆ ನಡೆಯಿತು. 2025ರ ಮೇ 28ರ ತೀರ್ಪು ತಪ್ಪಿತಸ್ಥ ಅಧಿಕಾರಿಗಳಿಗೆ ತಲಾ 25,000 ರೂಪಾಯಿ ದಂಡ ಹಾಕಿತು. ಮಾಡಿದ್ದು ದುರುದ್ದೇಶದಿಂದಲ್ಲ, ಆಡಳಿತದ ಎಡವಟ್ಟು ಎಂಬುದು ಕೋರ್ಟಿನ ಅಭಿಪ್ರಾಯ. ನನಗೆ ಅದು ನಂಬಲು ಕಷ್ಟವಾಗಲಿಲ್ಲ. ಯಾರೂ ದುಷ್ಟರಾಗಬೇಕಿಲ್ಲ, ಗುತ್ತಿಗೆದಾರನಿಗೆ ಕೆಲಸದ ಆದೇಶ ತಲುಪಿದಷ್ಟು ಬೇಗ ‘ತಡೆ’ ಎಂಬ ಕಾಗದ ತಲುಪುವ ಏರ್ಪಾಡು ಇಲ್ಲದಿದ್ದರೆ ಸಾಕು. ಆಸ್ಪತ್ರೆಗೆ ರಸ್ತೆ ಬೇಕಿತ್ತೆಂಬುದೂ ಸುಳ್ಳಲ್ಲ. ಕಡಿದ ಮರಗಳಿಗೆ ಬದಲಾಗಿ ಗಿಡ ನೆಡಲು 185 ಎಕರೆ ಜಾಗ ಗುರುತಿಸಲಾಗಿದೆ.

ಬ್ಯಾಟರಿಯ ಹೊಸ ಚೈನ್‌ಸಾಗಳ ರೀತಿ ಬೇರೆ. ಬೆರಳು ಒತ್ತಿ ಹಿಡಿದಿರುವಷ್ಟು ಹೊತ್ತು ಓಡುತ್ತವೆ, ಬಿಟ್ಟರೆ ನಿಲ್ಲುತ್ತವೆ. ಓಡುವುದಕ್ಕೇ ಅಪ್ಪಣೆ ಬೇಕು. 2024ರ ಡಿಸೆಂಬರ್ 19ರಂದು ಸುಪ್ರೀಂ ಕೋರ್ಟ್ ದೆಹಲಿಗೆ ಹೆಚ್ಚುಕಡಿಮೆ ಇಂಥದ್ದೇ ನಿಯಮ ಹಾಕಿತು: 50 ಅಥವಾ ಅದಕ್ಕಿಂತ ಹೆಚ್ಚು ಮರ ಕಡಿಯಲು ವೃಕ್ಷಾಧಿಕಾರಿ ಅನುಮತಿ ಕೊಟ್ಟರೂ ಕೇಂದ್ರ ಉನ್ನತಾಧಿಕಾರ ಸಮಿತಿ ಒಪ್ಪುವ ತನಕ ಕೊಡಲಿ ಏಳುವಂತಿಲ್ಲ. ನಲವತ್ತೊಂಬತ್ತು ಮರಗಳ ಅರ್ಜಿ ಹಾಕುವ ಜಾಣರ ಮೇಲೆ ಕಣ್ಣಿಡುವ ಕೆಲಸ ಮಾತ್ರ ಈಗಲೂ ವೃಕ್ಷಾಧಿಕಾರಿಯದೇ.